ಮೊಲಕ್ಕೆ ಆಪರೇಷನ್, ಮನೆಮಂದಿಗೆ ಜಾಗರಣೆ!

ಶಿವಮೊಗ್ಗ: ಕಳೆದ ತಿಂಗಳು ದುರ್ಗಿಗುಡಿಯ ವಠಾರವೊಂದರಲ್ಲಿ ದರ್ಜಿಯೊಬ್ಬರ ಮನೆಯ ದೀಪ ರಾತ್ರಿಯಿಡೀ ಆರಲಿಲ್ಲ. ಯಾರಿಗೂ ಜ್ವರವಿಲ್ಲ, ಹೆರಿಗೆಯೂ ಅಲ್ಲ. ಆಪರೇಷನ್ ಆಗಿದ್ದು ಮನೆಯ ಬಿಳಿ ಮೊಲಕ್ಕೆ!

ನಗುವವರು ನಗಲಿ. ಆದರೆ ಆ ರಾತ್ರಿ ಮನೆಯವರು ಮಲಗಿಬಿಟ್ಟಿದ್ದರೆ ಬೆಳಗಾಗುವಷ್ಟರಲ್ಲಿ ಮೊಲದ ಜೀವಕ್ಕೇ ಸಂಚಕಾರ ಬರುವ ಸಂಭವವಿತ್ತು.

ಕಥೆ ಶುರುವಾದದ್ದು ಸಂತೆಯಲ್ಲಿ. "ಎರಡೂ ಹೆಣ್ಣೇ ಸಾಮಿ" ಎಂದು ಮಾರಿದವನು ಹೇಳಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಆಸಾಮಿ! ಕೆಲವೇ ತಿಂಗಳಲ್ಲಿ ಆರು ಮರಿಗಳು ಕಣ್ಣು ಬಿಟ್ಟವು. ಮೊಲದ ಬಸಿರು ಸುಮಾರು 31 ದಿನ. ಹೆತ್ತ ದಿನವೇ ಮತ್ತೆ ಬಸಿರು ನಿಲ್ಲಬಹುದು. ಇರುವುದು ಒಂದೂವರೆ ಕೋಣೆ, ಇನ್ನು ಸಾಕುವುದೆಲ್ಲಿ? ಮರಿಗಳು ಹಾಲು ಬಿಟ್ಟ ಮೇಲೆ ಪಶುವೈದ್ಯರ ಬಳಿ ಹೋದರು.

"ಮರಿ ನಿಲ್ಲಿಸೋಕೆ ಮಾತ್ರ ಅಲ್ಲಮ್ಮ. ಮೂರು ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಕ್ಕೆ ಗರ್ಭಕೋಶದ ಕ್ಯಾನ್ಸರ್ ಬರೋದು ಬಹಳ. ತೆಗೆಸಿದರೆ ಆ ಭಯ ಇರಲ್ಲ" ಎಂದರು ಡಾಕ್ಟರು.

"ರಾತ್ರಿಯಿಂದ ಉಪವಾಸ ಹಾಕ್ಬೇಕಾ ಸಾರ್?" ಎಂದು ತಾಯಿ ಕೇಳಿದರು. ಪಕ್ಕದ ಮನೆಯ ನಾಯಿಗೆ ಹಾಗೆ ಮಾಡಿದ್ದನ್ನು ಕಂಡಿದ್ದರು. "ಬೇಡ್ವೇ ಬೇಡ. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ. ಅದರ ಕರುಳು ಸದಾ ನಡೀತಿರಬೇಕು, ನಿಂತರೆ ಕೆಟ್ಟಿತು" ಎಂಬುದು ಉತ್ತರ.

ಅಜ್ಜಿಯ ಲಂಘನ

ಸಂಜೆ ಏಳಕ್ಕೆ ತರಕಾರಿ ಬುಟ್ಟಿಯಲ್ಲಿ ಮೊಲ ಮನೆಗೆ ಬಂತು. ಮೂಲೆಯಲ್ಲಿ ಮುದುರಿ ಕೂತಿತು. ಗರಿಕೆ ಮೂಸಲಿಲ್ಲ, ಕೊತ್ತಂಬರಿ ಸೊಪ್ಪಿಗೂ ತಿರುಗಲಿಲ್ಲ. ಹಲ್ಲು ಮಾತ್ರ ಕಟಕಟ ಕಡಿಯುತ್ತಿತ್ತು. "ಲಂಘನಂ ಪರಮೌಷಧಂ, ಬಿಡ್ರೇ ಅದನ್ನ. ನಾಳೆ ಹಸಿವಾದ್ರೆ ತಾನೇ ತಿನ್ನುತ್ತೆ" ಎಂದರು ಅಜ್ಜಿ.

ಅಜ್ಜಿಯ ಮಾತು ಮನುಷ್ಯರಿಗೆ ಸರಿ ಇದ್ದೀತು, ಮೊಲಕ್ಕಲ್ಲ. ನೋವಿನಿಂದ ಮೇವು ಬಿಡುತ್ತದೆ, ಮೇವು ಬಿಟ್ಟರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಗಾಳಿ ತುಂಬಿ ನೋವು ಇನ್ನಷ್ಟು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅಪಾಯವೆಂದೇ ತಿಳಿಯಬೇಕು.

ಒಂಬತ್ತನೇ ಕ್ಲಾಸಿನ ಮಗಳು ಡಾಕ್ಟರಿಗೆ ಫೋನು ಮಾಡಿದಳು. "ಹಲ್ಲು ಕಡಿಯೋದು ನೋವಿಗೆ ಕಣಮ್ಮ" ಎಂದ ಡಾಕ್ಟರು, ಕೊಟ್ಟಿದ್ದ ನೋವಿನ ಔಷಧಿಯನ್ನು ಎಷ್ಟು ಹನಿ, ಯಾವಾಗ ಎಂದು ಹೇಳಿದರು. ಮೊಲದ ತಿಂಡಿಯ ಗುಳಿಗೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ನುಣ್ಣಗೆ ಮಾಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಲು ತಿಳಿಸಿದರು. ನೇರವಾಗಿ ಒತ್ತಿದರೆ ಶ್ವಾಸಕೋಶಕ್ಕೆ ಹೋದೀತು. ಹೊಟ್ಟೆ ಉಬ್ಬಿ ಗಟ್ಟಿಯಾದರೆ ಏನೂ ಕೊಡದೆ ಕೂಡಲೇ ಕರೆತರಬೇಕು.

ಅಜ್ಜಿಯೇ ತಮ್ಮ ಹಳೇ ಹತ್ತಿ ಸೀರೆ ಹಾಸಿದರು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟರು. ಎರಡು ಮೂರು ಗಂಟೆಗೊಮ್ಮೆ ಸಿರಿಂಜು. ಬೆಳಗಿನ ಜಾವ ಐದಕ್ಕೆ ಹುಡುಗಿ ಕೂಗಿದಳು: "ಅಜ್ಜೀ, ಹಿಕ್ಕೆ ಹಾಕಿದೆ! ಏಳು!" ಕಡಲೆಗಿಂತ ಸಣ್ಣ, ಒಣಕಲು ಹಿಕ್ಕೆ. ಮನೆಯಲ್ಲಿ ಹಬ್ಬ. ಎಂಟಕ್ಕೆ ಮೊಲ ತಾನಾಗಿ ಒಂದೆಳೆ ಗರಿಕೆ ಜಗಿಯಿತು.

ಸಾಕುವವರಿಗೆ ನಾಲ್ಕು ಮಾತು

ಗಾಯವನ್ನು ದಿನಕ್ಕೆರಡು ಸಲ ನೋಡಿ. ಬಾವು, ಕೀವು, ಹೊಲಿಗೆ ಬಿಟ್ಟಿದ್ದು ಕಂಡರೆ ತಡ ಮಾಡಬೇಡಿ. ಅರಿಶಿನ, ಎಣ್ಣೆ, ಸ್ನಾನ ಯಾವುದೂ ಬೇಡ. ಮರದ ಹೊಟ್ಟು ಹಾಸಿದರೆ ಗಾಯಕ್ಕೆ ಅಂಟುತ್ತದೆ, ಬಟ್ಟೆಯೇ ಲೇಸು.

ಮನೆಯ ಡಬ್ಬಿಯ ಮಾತ್ರೆ ಮುಟ್ಟಲೇಬೇಡಿ. ನಮಗೆ ನಿತ್ಯದ ಅಮಾಕ್ಸಿಸಿಲಿನ್ ಮೊಲದ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಪ್ರಾಣಕ್ಕೇ ಬರಬಹುದು.

ನಾಯಿಗೆ ಹಾಕುವಂತೆ ಕುತ್ತಿಗೆಗೆ ಅಗಲದ ಪಟ್ಟಿ ಕಟ್ಟುವುದಾದರೂ ಡಾಕ್ಟರನ್ನು ಕೇಳಿಯೇ ಕಟ್ಟಿ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಅದು ಹೊಲಸಲ್ಲ, ಅದರ ಆಹಾರ. ಪಟ್ಟಿ ಇದ್ದರೆ ಬಾಯಿ ಅಲ್ಲಿಗೆ ಎಟಕದು.

ಗಂಡನ್ನು ಬೇರೆ ಇಡಿ. ಬಸಿರಿನ ಭಯ ಹೋದರೂ, ಅದು ಮೈಮೇಲೆ ಏರಿದರೆ ಹೊಲಿಗೆ ಕಿತ್ತೀತು. ಎತ್ತುವಾಗ ಕಿವಿ ಹಿಡಿಯದೆ, ಎದೆಗೂ ಹಿಂಗಾಲಿಗೂ ಕೈ ಕೊಟ್ಟು ಎತ್ತಿ. ಒದ್ದಾಡಿದರೆ ಬೆನ್ನುಮೂಳೆಯೇ ಮುರಿದೀತು.

ಹತ್ತು ದಿನ ಕಳೆದು ಹೊಲಿಗೆ ಬಿಚ್ಚಿದ್ದಾಯಿತು. ದರ್ಜಿಯವರು ಬಗ್ಗಿ ಬಗ್ಗಿ ನೋಡಿ, "ಹೊಲಿಗೆ ನೀಟಾಗಿದೆ ಡಾಕ್ಟ್ರೇ" ಎಂದು ಸರ್ಟಿಫಿಕೇಟ್ ಕೊಟ್ಟರಂತೆ. ಲಂಘನದ ಅಜ್ಜಿ ಈಗ ವಠಾರದವರಿಗೆಲ್ಲ ಹೇಳುವುದೊಂದೇ: "ಮೊಲನ ಮಾತ್ರ ಉಪವಾಸ ಕೆಡವಬ್ಯಾಡ್ರಪ್ಪ!"