ನಾಲ್ಕೇ ಪುಟದ ಪ್ರಬಂಧ, ಜಗವೆಲ್ಲ ತುಂಬಿದ ಚಿತ್ರ
ಬೆಂಗಳೂರು ಸಂಜಾತ ಇಂಜಿನಿಯರ್ ಡಾ| ನಾಸಿರ್ ಅಹಮದ್ ಸಾಧನೆ

ಮುಂಬಯಿಯ ಯಾವುದೇ ಉಪನಗರದ ಸಭಾಗೃಹದಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವ ನಡೆಯಲಿ, ಗಣ್ಯರು ದೀಪ ಬೆಳಗಿಸಿದ ಐದೇ ನಿಮಿಷದಲ್ಲಿ ಆ ಚಿತ್ರ ಊರಿನ ಬಂಧುಗಳ ಮೊಬೈಲ್ ಸೇರಿರುತ್ತದೆ. ವೇದಿಕೆಯಲ್ಲಿ ಕುಣಿಯುವ ಮೊಮ್ಮಗಳನ್ನು ಕುಂದಾಪುರದ ಅಜ್ಜಿ ಮನೆಯ ಜಗಲಿಯಲ್ಲೇ ಕುಳಿತು ವೀಡಿಯೋ ಕರೆಯಲ್ಲಿ ನೋಡಿ ಕಣ್ತುಂಬಿಕೊಳ್ಳುತ್ತಾರೆ. ದೂರದೂರಿನಲ್ಲಿ ನೆಲೆಸಿದವರಿಗೆ ತವರನ್ನು ಇಷ್ಟು ಹತ್ತಿರ ತಂದ ಈ ಸೌಲಭ್ಯದ ಹಿಂದೆ ಒಂದು ಗಣಿತ ಸೂತ್ರವಿದೆ. ಅದನ್ನು ಜಗತ್ತಿಗೆ ನೀಡಿದ ಮೂವರಲ್ಲಿ ಮೊದಲಿಗರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ಪದವಿ ಪಡೆದ ಡಾ| ನಾಸಿರ್ ಅಹಮದ್. ಆದರೆ ಈ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಅಪರಿಚಿತ.

ಬೆಂಗಳೂರಿನಿಂದ ಕಾನ್ಸಾಸ್‌ಗೆ

1940ರಲ್ಲಿ ಜನಿಸಿದ ಅಹಮದ್ ಅವರ ಶಾಲಾ ವಿದ್ಯಾಭ್ಯಾಸ ಬಿಷಪ್ ಕಾಟನ್ ಶಾಲೆಯಲ್ಲಾಯಿತು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಇಂದು ಯುವಿಸಿಇ ಎಂದೇ ಹೆಸರಾದ ಕೆ. ಆರ್. ವೃತ್ತದ ಕಾಲೇಜಿನಲ್ಲಿ ಓದಿ, 1961ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿ ಪಡೆದರು. ಬೆಂಗಳೂರು ವಿಶ್ವವಿದ್ಯಾಲಯ ಇನ್ನೂ ಹುಟ್ಟಿರದ ಕಾಲವದು. ಕಾಲೇಜು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು.

ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದ ಅವರು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಿಂದ 1963ರಲ್ಲಿ ಸ್ನಾತಕೋತ್ತರ ಪದವಿ, 1966ರಲ್ಲಿ ಡಾಕ್ಟರೇಟ್ ಪಡೆದರು. ಎರಡು ವರ್ಷ ಹನಿವೆಲ್ ಕಂಪೆನಿಯಲ್ಲಿ ದುಡಿದು, 1968ರಲ್ಲಿ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

‘ತೀರಾ ಸರಳ’ ಎಂದು ತಿರಸ್ಕೃತ

ಧ್ವನಿ ಅಥವಾ ಚಿತ್ರವನ್ನು ಕಡಿಮೆ ಸಂಖ್ಯೆಗಳಲ್ಲಿ ಹಿಡಿದಿಡುವುದು ಹೇಗೆ ಎಂಬುದು ಆ ಕಾಲದ ಸಿಗ್ನಲ್ ಪ್ರೊಸೆಸಿಂಗ್ ತಜ್ಞರ ಮುಂದಿದ್ದ ದೊಡ್ಡ ಪ್ರಶ್ನೆ. ಇದಕ್ಕೆ ಕಾರೂನೆನ್-ಲೋಯೆವ್ ಎಂಬ ವಿಧಾನ ಅತ್ಯುತ್ತಮವೆಂದು ಸಿದ್ಧವಾಗಿತ್ತು. ಆದರೆ ಅದನ್ನು ಬೇಗನೆ ಲೆಕ್ಕ ಮಾಡುವ ದಾರಿ ಇರಲಿಲ್ಲ. ಅದರಷ್ಟೇ ಒಳ್ಳೆಯ ಫಲ ಕೊಟ್ಟು, ಸುಲಭವಾಗಿ ಲೆಕ್ಕಕ್ಕೆ ಸಿಗುವ ಬೇರೊಂದು ವಿಧಾನ ಸಾಧ್ಯವೇ ಎಂದು ಅಹಮದ್ ಯೋಚಿಸಿದರು. ಶಾಲಾ ತ್ರಿಕೋನಮಿತಿಯಲ್ಲಿ ನಾವೆಲ್ಲ ಓದಿರುವ ‘ಕೊಸೈನ್’ ಅಲೆಗಳಲ್ಲಿ ಅವರಿಗೆ ಉತ್ತರ ಕಂಡಿತು.

1972ರಲ್ಲಿ ಸಂಶೋಧನೆಗೆ ಧನಸಹಾಯ ಕೋರಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿ ತಿರಸ್ಕೃತವಾಯಿತು. ಈ ಆಲೋಚನೆ ತೀರಾ ಸರಳವಾಯಿತೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದನ್ನು ಅಹಮದ್ ಅವರೇ ಮುಂದೆ 1991ರಲ್ಲಿ ಬರೆದ ಲೇಖನದಲ್ಲಿ ನೆನಪಿಸಿಕೊಂಡಿದ್ದಾರೆ.

ಅವರು ಕೈಚೆಲ್ಲಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಟೆಕ್ಸಾಸ್‌ನ ಆರ್ಲಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆ. ಆರ್. ರಾವ್ ಅವರೊಡನೆ ಕೆಲಸ ಮುಂದುವರಿಸಿದರು. 1973ರ ಬೇಸಿಗೆ ರಜೆಯನ್ನೆಲ್ಲ ಇದಕ್ಕೇ ಮುಡಿಪಾಗಿಟ್ಟರು. ಬಂದ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು. ಆ ಕ್ಷೇತ್ರದ ಅನುಭವಿ ಹ್ಯಾರಿ ಆಂಡ್ರ್ಯೂಸ್ ಅವರ ಸಲಹೆಯನ್ನೂ ಕೇಳಿದರು. 1974ರ ಜನವರಿಯಲ್ಲಿ ಐಇಇಇ ಸಂಸ್ಥೆಯ ಕಂಪ್ಯೂಟರ್ ವಿಭಾಗದ ಸಂಶೋಧನಾ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಪ್ರಬಂಧ ಅಚ್ಚಾಯಿತು. ಅದರ ಉದ್ದ ನಾಲ್ಕೇ ಪುಟ!

ಸೀರೆಯ ಒಡಲು, ಸೀರೆಯ ಅಂಚು

ಡಿಸಿಟಿ ಎಂದು ಚಿಕ್ಕದಾಗಿ ಕರೆಯಲಾಗುವ ಈ ಸೂತ್ರದ ಕೆಲಸವೇನು? ಇಂದಿನ ಮೊಬೈಲ್ ಕ್ಯಾಮರಾದ 12 ಮೆಗಾಪಿಕ್ಸೆಲ್ ಚಿತ್ರವೊಂದರಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ. ಹಾಗೆಯೇ ಇಟ್ಟರೆ ಒಂದು ಚಿತ್ರಕ್ಕೆ ಸುಮಾರು 36 ಎಂಬಿ ಬೇಕು. ನಾವು ಕಾಣುವ ಫೈಲು ಮಾತ್ರ ಮೂರು-ನಾಲ್ಕು ಎಂಬಿಯದು.

ಚಿತ್ರವನ್ನು ಉದ್ದಕ್ಕೆ 8, ಅಡ್ಡಕ್ಕೆ 8 ಚುಕ್ಕೆಗಳ ಪುಟ್ಟ ಚೌಕಗಳನ್ನಾಗಿ ವಿಂಗಡಿಸಲಾಗುತ್ತದೆ. ಒಂದು ಚೌಕದ 64 ಸಂಖ್ಯೆಗಳನ್ನು ಡಿಸಿಟಿ ಬೇರೆ 64 ಸಂಖ್ಯೆಗಳನ್ನಾಗಿ ಮಾರ್ಪಡಿಸುತ್ತದೆ. ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕನ್ನು ತಿಳಿಸುತ್ತದೆ. ಉಳಿದವು ನಿಧಾನ ಏರಿಳಿತದಿಂದ ಹಿಡಿದು ಅತಿ ಸೂಕ್ಷ್ಮ ಏರಿಳಿತದವರೆಗಿನ ವಿವರಗಳನ್ನು ಹೇಳುತ್ತವೆ. ವಿದ್ಯುತ್ ಇಂಜಿನಿಯರರು ತಮ್ಮ ರೂಢಿಯಂತೆ ಮೊದಲನೆಯದನ್ನು ‘ಡಿಸಿ’ ಎಂದೂ, ಉಳಿದವನ್ನು ‘ಎಸಿ’ ಎಂದೂ ಕರೆಯುತ್ತಾರೆ.

ಒಂದೇ ಬಣ್ಣದ ರೇಷ್ಮೆ ಸೀರೆಯ ಒಡಲನ್ನು ವರ್ಣಿಸಲು ಒಂದು ಮಾತು ಸಾಕು, ಜರಿಯಂಚನ್ನು ವರ್ಣಿಸಲು ಹತ್ತು ಮಾತು ಬೇಕು. ಚಿತ್ರದಲ್ಲಿಯೂ ಹಾಗೆಯೇ. ಹೆಚ್ಚಿನ ಚೌಕಗಳು ಒಡಲಿನಂತೆ ಸಪಾಟಾಗಿರುವುದರಿಂದ ಮೊದಲ ಕೆಲವು ಸಂಖ್ಯೆಗಳಲ್ಲೇ ಬಹುಪಾಲು ಮಾಹಿತಿ ಸೇರಿಕೊಳ್ಳುತ್ತದೆ. ಸೂಕ್ಷ್ಮ ಏರಿಳಿತವನ್ನು ನಮ್ಮ ಕಣ್ಣು ಅಷ್ಟಾಗಿ ಗುರುತಿಸದ ಕಾರಣ ಆ ಭಾಗವನ್ನು ಸೊನ್ನೆ ಮಾಡಿದರೂ ವ್ಯತ್ಯಾಸ ಕಾಣದು. ಸೊನ್ನೆಗಳ ಸಾಲನ್ನು ಬಲು ಕಡಿಮೆ ಜಾಗದಲ್ಲಿ ಬರೆದಿಡಬಹುದು.

ಸಂಘಗಳ ಕಾರ್ಯದರ್ಶಿಗಳು ಇಲ್ಲೊಂದು ವಿಷಯ ಗಮನಿಸಬಹುದು. ಆಮಂತ್ರಣ ಪತ್ರಿಕೆಯ ಚಿತ್ರವನ್ನು ಮತ್ತೆ ಮತ್ತೆ ಕುಗ್ಗಿಸಿ ಕಳುಹಿಸಿದಾಗ ಅಕ್ಷರಗಳ ಸುತ್ತ ಧೂಳು ಕೂತಂತೆ ಕಾಣುತ್ತದೆ. ಬಿಳಿಯ ಮೇಲಿನ ಕಪ್ಪು ಅಕ್ಷರದ ಅಂಚು ಚೂಪಾಗಿ ಕಾಣಲು ಸೂಕ್ಷ್ಮ ಸಂಖ್ಯೆಗಳೇ ಬೇಕು. ಅವನ್ನೇ ಕೈಬಿಟ್ಟಾಗ ಹೀಗಾಗುತ್ತದೆ. ಆಮಂತ್ರಣವನ್ನು ಚಿತ್ರವಾಗಿ ಕಳುಹಿಸುವ ಬದಲು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಅಕ್ಷರ ಸ್ಪಷ್ಟವಾಗಿ ಉಳಿಯುತ್ತದೆ.

ಮನೆ ಮನೆಗೆ ತಲುಪಿದ ಸೂತ್ರ

1988ರಲ್ಲಿ ವೀಡಿಯೋ ಫೋನಿಗಾಗಿ ರೂಪುಗೊಂಡ ಎಚ್.261 ಮಾನಕ, 1992ರಲ್ಲಿ ಬಂದ ಜೆಪೆಗ್ ಚಿತ್ರ ಮಾನಕ, ನಂತರದ ಎಂಪೆಗ್, ಡಿವಿಡಿ, ಡಿಜಿಟಲ್ ಟಿವಿ ಎಲ್ಲವೂ ಡಿಸಿಟಿಯನ್ನೇ ಆಧರಿಸಿದವು. ಭಕ್ತಿಗೀತೆ, ಯಕ್ಷಗಾನದ ಎಂಪಿ3 ಧ್ವನಿಮುದ್ರಣಗಳಲ್ಲೂ ಇದರ ಮಾರ್ಪಡಿಸಿದ ರೂಪವಿದೆ.

ಅಹಮದ್ 1983ರಲ್ಲಿ ತಾವು ಓದಿದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯಕ್ಕೇ ಪ್ರಾಧ್ಯಾಪಕರಾಗಿ ಮರಳಿ, 2001ರವರೆಗೆ ಸೇವೆ ಸಲ್ಲಿಸಿದರು. ಕೋವಿಡ್ ಕಾಲದಲ್ಲಿ ಮನೆಯೊಳಗೆ ಬಂದಿಯಾದ ಜಗತ್ತು ವೀಡಿಯೋ ಕರೆಯ ಮೂಲಕವೇ ಬಂಧುಗಳ ಮುಖ ಕಂಡಿತು. ಆ ದಿನಗಳಲ್ಲಿ, 2021ರ ಫೆಬ್ರವರಿಯಲ್ಲಿ, ‘ದಿಸ್ ಈಸ್ ಅಸ್’ ಎಂಬ ಅಮೆರಿಕದ ಜನಪ್ರಿಯ ಧಾರಾವಾಹಿಯ ಒಂದು ಕಂತಿನಲ್ಲಿ ಅವರ ಜೀವನದ ಕಥೆ ಮೂಡಿಬಂತು. ಸಹಲೇಖಕ ಕೆ. ಆರ್. ರಾವ್ ಅದೇ ವರ್ಷದ ಜನವರಿಯಲ್ಲಿ ನಿಧನರಾಗಿದ್ದರು.

ಹೊರನಾಡಿನ ನಮ್ಮ ಸಂಘ-ಸಂಸ್ಥೆಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿ ವೇತನ ವಿತರಣೆಯನ್ನು ನಿಷ್ಠೆಯಿಂದ ನಡೆಸಿಕೊಂಡು ಬರುತ್ತಿವೆ. ಅಂಕ ಕಡಿಮೆಯಾಯಿತೆಂದೋ, ಅರ್ಜಿ ತಿರಸ್ಕೃತವಾಯಿತೆಂದೋ ಕುಗ್ಗುವ ಮಕ್ಕಳು ಅಲ್ಲಿಯೂ ಇರುತ್ತಾರೆ. ಅತಿಥಿಗಳ ಭಾಷಣದಲ್ಲಿ ಎರಡು ನಿಮಿಷ ನಾಸಿರ್ ಅಹಮದ್ ಅವರ ಕಥೆಗೆ ಮೀಸಲಿಟ್ಟರೆ ಆ ಮಕ್ಕಳಿಗೆ ಧೈರ್ಯ ಬಂದೀತು. ತೀರಾ ಸರಳವೆಂದು ಒಮ್ಮೆ ತಳ್ಳಿಹಾಕಿದ ಆಲೋಚನೆಯೇ ಇಂದು ಆ ಸಮಾರಂಭದ ಚಿತ್ರಗಳನ್ನು ಊರಿಗೆ ಮುಟ್ಟಿಸುತ್ತಿದೆ.