ಚಕ್ಕಡಿ-ಟ್ರ್ಯಾಕ್ಟರ್ ಕೊಟ್ಟಿಗೆಯನ್ನು ಬೀಜದ ಕೋಣೆಯನ್ನಾಗಿ ಪರಿವರ್ತಿಸುವ ಕ್ರಮ

ಬೆಳೆ ಬೆಳೆಯಲು ರೈತನು ತೆಗೆದುಕೊಳ್ಳುವಷ್ಟು ಎಚ್ಚರಿಕೆಯನ್ನು ಬೆಳೆದ ಕಾಳನ್ನು ಕಾಯ್ದಿಡಲು ತೆಗೆದುಕೊಳ್ಳುವುದು ಕಡಿಮೆ. ಹಿಂದೆ ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ, ಇಂಗಾಲದ ಡೈ ಆಕ್ಸೈಡ್ ಹೆಚ್ಚಿ, ಹುಳುಗಳು ತಾವಾಗಿ ಸಾಯುತ್ತಿದ್ದವು. ಆದರೆ ಹಗೇವಿಗೆ ಒಣ ನೆಲ ಬೇಕು. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಹರಿದು ಕಬ್ಬು ಬಂದ ಕಡೆಗಳಲ್ಲಿ ನೆಲದೊಳಗಿನ ತೇವ ಮೇಲೇರಿದೆ. ಅಂತಹ ನೆಲದಲ್ಲಿ ಹಗೇವು ನಿಲ್ಲುವುದಿಲ್ಲ.

ರಾಯಬಾಗ ತಾಲ್ಲೂಕಿನ ಅಲಖನೂರದಂತಹ ಊರುಗಳಲ್ಲಿ ಕಾಳಿನ ಚೀಲಗಳು ಪಡಸಾಲೆಯಲ್ಲೋ ಮಲಗುವ ಕೋಣೆಯಲ್ಲೋ ಬೀಳುತ್ತವೆ. ಮನೆಯ ಪಕ್ಕದಲ್ಲಿ ಚಕ್ಕಡಿಗೆ ಅಥವಾ ಟ್ರ್ಯಾಕ್ಟರಿಗೆಂದು ಕಟ್ಟಿದ ಕೊಟ್ಟಿಗೆ ಇದ್ದರೆ, ಅದನ್ನು ಕಡಿಮೆ ಖರ್ಚಿನಲ್ಲಿ ಒಳ್ಳೆಯ ಬೀಜದ ಕೋಣೆಯನ್ನಾಗಿ ಮಾಡಿಕೊಳ್ಳಬಹುದು. ಗೆಳೆಯರು ಮುಯ್ಯಿಯ ಮೇಲೆ ಕೈಜೋಡಿಸಿದರೆ ಕೂಲಿಯ ಹೆಚ್ಚಿನ ಭಾಗ ಉಳಿಯುತ್ತದೆ.

ವಾಹನದ ಕೊಟ್ಟಿಗೆಯ ದೋಷಗಳು

ಗಾಲಿ ಸಲೀಸಾಗಿ ಒಳಗೆ ಹೋಗಲೆಂದು ಇದರ ನೆಲವನ್ನು ಅಂಗಳದ ಮಟ್ಟಕ್ಕೇ ಮಾಡಿರುತ್ತಾರೆ. ಆದ್ದರಿಂದ ಮಳೆನೀರು, ತೇವ ಮತ್ತು ಇಲಿ ಈ ಮೂರೂ ಸುಲಭವಾಗಿ ಒಳಸೇರುತ್ತವೆ. ಎದುರಿನ ಬದಿ ಪೂರ್ತಿ ತೆರೆದಿರುತ್ತದೆ. ಗೋಡೆ ಮತ್ತು ತಗಡಿನ ನಡುವೆ ಸಂದು ಇರುತ್ತದೆ. ನೆಲದಲ್ಲಿ ಡೀಸೆಲ್, ಎಣ್ಣೆ ಇಂಗಿರುತ್ತವೆ. ಈ ನಾಲ್ಕನ್ನೂ ಸರಿಪಡಿಸದೆ ಕೇವಲ ಬಾಗಿಲು ಹಚ್ಚಿದರೆ ಅದು ಇಲಿಗಳಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ.

ನದಿಯ ಮಹಾಪೂರ ಬರುವ ಜಾಗದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ೨೦೧೯ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯ ದಂಡೆಯ ಊರುಗಳಿಗೆ ನುಗ್ಗಿದಂತಹ ನೀರಿಗೆ ಎಷ್ಟು ಎತ್ತರದ ಕಟ್ಟೆಯೂ ಸಾಲದು.

ನೆಲ ಎತ್ತರಿಸುವುದು

ಉದಾಹರಣೆಗೆ ೨೦ ಅಡಿ ಉದ್ದ, ೧೨ ಅಡಿ ಅಗಲದ ಕೊಟ್ಟಿಗೆಯನ್ನು ತೆಗೆದುಕೊಳ್ಳೋಣ. ಟ್ರ್ಯಾಕ್ಟರಿಗೆ ಕಟ್ಟಿದ್ದರಿಂದ ಮಾಡು ಸಾಕಷ್ಟು ಎತ್ತರವಿರುತ್ತದೆ. ನೆಲವನ್ನು ಎರಡೂವರೆ ಅಡಿ ಎತ್ತರಿಸಿದರೂ ಓಡಾಡಲು ಅಡ್ಡಿಯಾಗದು. ಇಲಿಯು ಸುಮಾರು ಎರಡೂವರೆ ಅಡಿಯವರೆಗೆ ನೆಗೆಯಬಲ್ಲದು. ಆದ್ದರಿಂದ ಇದಕ್ಕಿಂತ ಕಡಿಮೆ ಎತ್ತರದಿಂದ ಪ್ರಯೋಜನವಿಲ್ಲ.

ಮೊದಲು ಎಣ್ಣೆ ಇಂಗಿದ ಮಣ್ಣನ್ನು ಪೂರ್ತಿ ಅಗೆದು ಹೊರಗೆ ಹಾಕಬೇಕು, ಏಕೆಂದರೆ ಕಾಳು ವಾಸನೆಯನ್ನು ಬೇಗ ಹೀರುತ್ತದೆ. ಅನಂತರ ೨೦ ಅಂಗುಲ ಗರಸು, ಅದರ ಮೇಲೆ ೬ ಅಂಗುಲ ಕಲ್ಲಿನ ಹಾಸು, ಕೊನೆಗೆ ೪ ಅಂಗುಲ ಕಾಂಕ್ರೀಟ್ ಹಾಕಬೇಕು. ಗರಸು ೪೦೦ ಘನ ಅಡಿ ಆಗುತ್ತದೆ. ಧಮ್ಮಸು ಹೊಡೆದಾಗ ಕುಗ್ಗುವುದರಿಂದ ಸುಮಾರು ೫ ಬ್ರಾಸ್ ತರಿಸಬೇಕು. ಅದನ್ನು ಒಮ್ಮೆಗೇ ಸುರಿಯದೆ ೬ ಅಂಗುಲದ ಪದರಾಗಿ ಹರಡಿ, ನೀರು ಚಿಮುಕಿಸಿ, ಧಮ್ಮಸು ಹೊಡೆಯಬೇಕು. ಎರೆಮಣ್ಣನ್ನು ಮಾತ್ರ ತುಂಬಬಾರದು. ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿದು ಕಾಂಕ್ರೀಟನ್ನು ಒಡೆಯುತ್ತದೆ.

ತುಂಬಿದ ಗರಸು ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಕಲ್ಲಿನ ಅಥವಾ ೯ ಅಂಗುಲ ಇಟ್ಟಿಗೆಯ ಗಟ್ಟಿ ಗೋಡೆ ಇದನ್ನು ತಡೆಯಬಲ್ಲದು. ನಾಲ್ಕೂವರೆ ಅಂಗುಲದ ತೆಳು ಗೋಡೆಯಾದರೆ ಒಳಬದಿಯಲ್ಲಿ ಬೇರೆ ಕಲ್ಲಿನ ಕಟ್ಟೆ ಕಟ್ಟಿಕೊಂಡು ಆಮೇಲೆ ತುಂಬಬೇಕು. ಈ ವಿಷಯದಲ್ಲಿ ಅನುಭವಿ ಗವಂಡಿಯ ಮಾತು ಕೇಳುವುದು ಒಳ್ಳೆಯದು.

ಕಲ್ಲಿನ ಹಾಸಿನ ಸಂದುಗಳನ್ನು ಮರಳಿನಿಂದ ತುಂಬಿ, ಸಮ ಮಾಡಿ, ಮೇಲೆ ೨೫೦ ಮೈಕ್ರಾನ್ ಅಂದರೆ ೧೦೦೦ ಗೇಜಿನ ಪಾಲಿಥೀನ್ ಹಾಳೆ ಹಾಸಬೇಕು. ಎರಡು ಹಾಳೆಗಳ ಅಂಚು ಒಂದು ಅಡಿಯಷ್ಟು ಒಂದರ ಮೇಲೊಂದು ಬರಬೇಕು. ಗೋಡೆಯ ಮೇಲೂ ಅರ್ಧ ಅಡಿ ಏರಿಸಬೇಕು. ನೆಲದ ತೇವ ಮೇಲೇರದಂತೆ ತಡೆಯುವುದು ಈ ಹಾಳೆಯೇ. ಇದಕ್ಕೆ ತೂತು ಬಿದ್ದರೆ ಉಳಿದ ಖರ್ಚು ವ್ಯರ್ಥ.

ಕಾಂಕ್ರೀಟಿನ ದಿನ

ಮುಯ್ಯಾಳುಗಳ ಸಹಾಯ ನಿಜವಾಗಿ ಬೇಕಾಗುವುದು ಈ ದಿನ. ಈ ಅಳತೆಯ ನೆಲಕ್ಕೆ ೮೦ ಘನ ಅಡಿ ಕಾಂಕ್ರೀಟ್ ಬೇಕು. ೧:೨:೪ ಪ್ರಮಾಣಕ್ಕೆ ಸುಮಾರು ೧೫ ಚೀಲ ಸಿಮೆಂಟ್, ೩೫ ಘನ ಅಡಿ ಮರಳು, ೭೦ ಘನ ಅಡಿ ಖಡಿ ಹಿಡಿಯುತ್ತವೆ. ನೀರು ಬೆರೆಸಿದ ಅರ್ಧ ಗಂಟೆಯೊಳಗೆ ಕಾಂಕ್ರೀಟನ್ನು ಹಾಕಿ ಮುಗಿಸಬೇಕು. ಇಂದು ಅರ್ಧ, ನಾಳೆ ಅರ್ಧ ಹಾಕಿದರೆ ನಡುವೆ ಬಿರುಕು ಉಳಿಯುತ್ತದೆ. ಆದ್ದರಿಂದ ಎಂಟು-ಹತ್ತು ಜನ ಸೇರಿ ಒಂದೇ ದಿನದಲ್ಲಿ ಮುಗಿಸಬೇಕು. ಮೂವರು ಕಲಸಲು, ನಾಲ್ವರು ಬುಟ್ಟಿ ಹೊರಲು, ಇಬ್ಬರು ಹರಡಿ ಬಡಿಯಲು, ಮೇಲ್ಮೈ ನುಣುಪು ಮಾಡಲು ಒಬ್ಬ ಗವಂಡಿ ಎಂದು ಮೊದಲೇ ಕೆಲಸ ಹಂಚಿಕೊಳ್ಳಬೇಕು. ಕಲಸಲು ಸುಲಭವೆಂದು ನೀರು ಹೆಚ್ಚು ಸುರಿಯಬಾರದು. ಒಂದು ಚೀಲ ಸಿಮೆಂಟಿಗೆ ೩೦ ಲೀಟರ್ ಮೀರಕೂಡದು.

ಹತ್ತು ದಿನ ನೆಲದ ಮೇಲೆ ನೀರು ನಿಲ್ಲಿಸಿ, ಅನಂತರ ಕನಿಷ್ಠ ಒಂದು ತಿಂಗಳು ಒಣಗಲು ಬಿಡಬೇಕು. ಒಣಗಿದೆಯೇ ಎಂದು ತಿಳಿಯಲು ಒಂದು ಗಜ ಚೌಕದ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚನ್ನು ಅಂಟುಪಟ್ಟಿಯಿಂದ ಮುಚ್ಚಿ ಒಂದು ರಾತ್ರಿ ಬಿಡಿರಿ. ಬೆಳಿಗ್ಗೆ ಹಾಳೆಯ ಒಳಬದಿಗೆ ಹನಿ ಕಂಡರೆ ಇನ್ನೂ ತೇವವಿದೆ ಎಂದು ತಿಳಿಯಬೇಕು. ಮಾರ್ಚ್‌ನಲ್ಲಿ ಕೆಲಸ ಹಿಡಿದರೆ ಬೇಸಿಗೆಯ ಬಿಸಿಲಿಗೆ ನೆಲ ಚೆನ್ನಾಗಿ ಒಣಗಿ, ಮುಂಗಾರಿ ಸುಗ್ಗಿಗೆ ಕೋಣೆ ಸಿದ್ಧವಾಗುತ್ತದೆ.

ಗೋಡೆ, ಬಾಗಿಲು, ಮಾಡು

ಎದುರಿನ ತೆರೆದ ಬದಿಯ ಹೊಸ ಗೋಡೆಗೆ ಗಟ್ಟಿ ನೆಲ ಸಿಗುವವರೆಗೆ ಬುನಾದಿ ತೆಗೆದು, ಗರಸು ತುಂಬುವ ಮೊದಲೇ ಅದನ್ನು ಕಟ್ಟಿ ಮುಗಿಸಬೇಕು. ಹಳೆಯ ಗೋಡೆಗೆ ಹಲ್ಲು ಕಚ್ಚಿಸಿಯೇ ಕಟ್ಟಬೇಕು, ಇಲ್ಲವಾದರೆ ಕೂಡು ಜಾಗದಲ್ಲಿ ಸೀಳು ಬಿಡುತ್ತದೆ. ಬಾಗಿಲಿನ ಕೆಳಗಿನ ಒಂದು ಅಡಿಗೆ ಎರಡೂ ಬದಿ ತಗಡು ಹೊಡೆಯಬೇಕು. ಬಾಗಿಲಿನ ಅಡಿಯ ಸಂದು ಕಾಲು ಅಂಗುಲ ಮೀರಬಾರದು. ಸುಂಡಿಲಿಗೆ ಅಷ್ಟು ಸಂದು ಸಾಕು. ಬೆಳಕಿಂಡಿಗಳಿಗೆ ಕಾಲು ಅಂಗುಲಕ್ಕಿಂತ ಚಿಕ್ಕ ಕಣ್ಣಿನ ಜಾಳಿಗೆ ಹಾಕಬೇಕು. ಗಾಲಿ ಏರುವ ಇಳಿಜಾರನ್ನು ಒಡೆದು ತೆಗೆದು, ಎತ್ತಿಡಬಹುದಾದ ಮೆಟ್ಟಿಲು ಮಾಡಿಕೊಳ್ಳಬೇಕು. ಶಾಶ್ವತ ಮೆಟ್ಟಿಲು ಇಲಿಗೂ ಮೆಟ್ಟಿಲೇ.

ರಾತ್ರಿ ತಂಪಾದಾಗ ತಗಡಿನ ಒಳಬದಿಗೆ ಬೆವರಿನಂತೆ ನೀರು ಕೂಡಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ತಗಡಿನ ಕೆಳಗೆ ಚಾಪೆ ಅಥವಾ ಹಲಗೆಯ ಒಳಮಾಡು ಮಾಡಿದರೆ ಇದು ತಪ್ಪುತ್ತದೆ. ತಗಡಿಗೆ ಹೊರಗಿನಿಂದ ಬಿಳಿ ಬಣ್ಣ ಬಳಿದರೆ ಬೇಸಿಗೆಯ ಕಾವು ಇಳಿಯುತ್ತದೆ. ಕಬ್ಬಿನ ರವದಿಯನ್ನು ಮಾಡಿನ ಮೇಲೆ ಹೊದಿಸಬಾರದು. ಅದರಿಂದ ಬೆಂಕಿಯ ಭಯವೂ ಇಲಿಯ ಕಾಟವೂ ಇವೆ.

ಗೆಳೆಯರು ಮಣ್ಣು, ಗರಸು, ಕಲ್ಲು, ಸುಣ್ಣದ ಕೆಲಸ ಮಾಡಬಹುದು. ವಿದ್ಯುತ್ ತಂತಿ ಎಳೆಯುವುದನ್ನು ಮಾತ್ರ ಬಲ್ಲವರಿಗೇ ಬಿಡಬೇಕು.

ಎಷ್ಟು ಹಿಡಿಸುತ್ತದೆ?

ಚೀಲಗಳನ್ನು ನೆಲಕ್ಕೆ ತಾಗಿಸದೆ ೪ರಿಂದ ೬ ಅಂಗುಲ ಎತ್ತರದ ಹಲಗೆಗಳ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಒಟ್ಟಬೇಕು. ನಡುವೆ ಮೂರು ಅಡಿ ದಾರಿ ಬಿಟ್ಟರೆ ಎರಡು ಬದಿಗೂ ಎಂಟೆಂಟು ಚೀಲ ಕೂಡುತ್ತವೆ. ಎಂಟು ಪದರಿನ ನಿಟ್ಟಿನಲ್ಲಿ ೧೨೮ ಚೀಲ ಹಿಡಿಯುತ್ತವೆ. ೫೦ ಕಿಲೋ ಚೀಲವಾದರೆ ೬೪ ಕ್ವಿಂಟಲ್ ಆಯಿತು. ಸೋಯಾಅವರೆಯ ಬೀಜವಾದರೆ ಐದು ಪದರು ಮೀರಬಾರದು. ಆಗ ೪೦ ಕ್ವಿಂಟಲ್ ಹಿಡಿಸುತ್ತದೆ. ಸೋಯಾಅವರೆಯ ಸಿಪ್ಪೆ ತೆಳು, ಮೊಳಕೆ ಅದರ ಅಡಿಯಲ್ಲೇ ಇರುತ್ತದೆ. ಚೀಲ ಇಳಿಸುವಾಗ ಮೇಲಿನಿಂದ ಎತ್ತಿಹಾಕಿದರೆ ಹೊರಗೆ ಗಾಯ ಕಾಣದಿದ್ದರೂ ಮೊಳಕೆ ಸಾಯುತ್ತದೆ.

ಒಳಗಿಡುವ ಮುನ್ನ

ಎಂತಹ ಕೋಣೆಯೂ ಹಸಿ ಕಾಳನ್ನು ಉಳಿಸದು. ಜೋಳ, ಗೋವಿನಜೋಳ, ಗೋದಿ ಶೇಕಡಾ ೧೨ಕ್ಕೆ, ಕಡಲೆ ಮತ್ತು ಸೋಯಾಅವರೆ ಬೀಜ ಶೇಕಡಾ ೯ರಿಂದ ೧೦ಕ್ಕೆ ಒಣಗಿರಬೇಕು. ಸಾಮಾನ್ಯ ಮಿತಿಯಲ್ಲಿ ತೇವಾಂಶ ಶೇಕಡಾ ಒಂದು ಇಳಿದರೆ ಬೀಜದ ಆಯುಷ್ಯ ಇಮ್ಮಡಿಯಾಗುತ್ತದೆಂಬುದು ಬೀಜ ವಿಜ್ಞಾನದ ನಿಯಮ. ಶೇಕಡಾ ೧೪ರ ಒಂದು ಕ್ವಿಂಟಲ್ ಸೋಯಾಅವರೆ ಶೇಕಡಾ ೧೦ಕ್ಕೆ ಬಂದಾಗ ತೂಕ ಸುಮಾರು ನಾಲ್ಕೂವರೆ ಕಿಲೋ ಇಳಿಯುತ್ತದೆ. ಹೋದದ್ದು ನೀರು, ಕಾಳಲ್ಲ. ಒಣ ಬಾಟಲಿಯಲ್ಲಿ ಒಣ ಉಪ್ಪಿನೊಂದಿಗೆ ಕಾಳು ಹಾಕಿ ಅಲ್ಲಾಡಿಸಿದಾಗ ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇಕಡಾ ೧೫ಕ್ಕಿಂತ ಹೆಚ್ಚಿದೆ ಎಂದರ್ಥ. ಬೀಜಕ್ಕೆ ಈ ಪರೀಕ್ಷೆ ಸಾಲದು, ತೇವಮಾಪಕದಿಂದಲೇ ನೋಡಿಸಬೇಕು. ಮಳೆಗಾಲದ ತೇವದ ದಿನಗಳಲ್ಲಿ ಬೆಳಕಿಂಡಿಗಳನ್ನು ಮುಚ್ಚಿ, ಒಣ ಬಿಸಿಲಿನ ದಿನ ಮಾತ್ರ ತೆರೆಯಬೇಕು. ಗೊಬ್ಬರ, ಕಳೆನಾಶಕ, ಡೀಸೆಲ್ ಇವುಗಳಿಗೆ ಈ ಕೋಣೆಯಲ್ಲಿ ಜಾಗವಿಲ್ಲ.

ಒಂದು ಎಚ್ಚರಿಕೆ

ಹುಳು ಬಿದ್ದಾಗ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವ ರೂಢಿ ಕೆಲವೆಡೆ ಇದೆ. ಮನೆಗೆ ಹೊಂದಿದ ಕೋಣೆಯಲ್ಲಿ ಇದನ್ನು ಎಂದಿಗೂ ಇಡಬಾರದು. ಗಾಳಿಯ ತೇವ ತಾಗಿದೊಡನೆ ಹೊರಡುವ ಫಾಸ್ಫೀನ್ ಅನಿಲ ಗೋಡೆಯ ಬಿರುಕಿನಿಂದ, ಮಾಡಿನ ಸಂದಿನಿಂದ ಪಕ್ಕದ ಕೋಣೆಗೆ ಸೇರಿ, ಮಲಗಿದವರ, ಮುಖ್ಯವಾಗಿ ಮಕ್ಕಳ ಪ್ರಾಣ ತೆಗೆಯಬಲ್ಲದು. ಇದಕ್ಕೆ ಪ್ರತಿವಿಷವಿಲ್ಲ. ಕಾನೂನಿನಂತೆಯೂ ಇದರ ಬಳಕೆ ತರಬೇತಿ ಪಡೆದವರಿಗೆ ಮಾತ್ರ ಮೀಸಲು. ಬೇಳೆಕಾಳಿಗೆ ಕಿಲೋಗೆ ೫ ಮಿಲಿಲೀಟರ್ ಬೇವಿನ ಎಣ್ಣೆ ಸವರುವುದು, ಹದಿನೈದು ದಿನಕ್ಕೊಮ್ಮೆ ಚೀಲ ಪರೀಕ್ಷಿಸುವುದು, ಹಳೆಯ ಚೀಲಗಳನ್ನು ಬಿಸಿಲಿಗೆ ಹಾಕಿ ಜಾಡಿಸುವುದು ಇವೇ ಮನೆಯ ಮಟ್ಟಕ್ಕೆ ತಕ್ಕ ಉಪಾಯಗಳು.

ಬಿತ್ತುವ ಮೊದಲು

ಮೇ ಕೊನೆಗೆ ೧೦೦ ಬೀಜಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಏಳನೆಯ ದಿನ ಮೊಳಕೆ ಎಣಿಸಬೇಕು. ಸೋಯಾಅವರೆಗೆ ಕನಿಷ್ಠ ೭೦ ಮೊಳೆಯಬೇಕು. ೬೦ ಮೊಳೆತರೆ ಎಕರೆಗೆ ೨೫ ಕಿಲೋ ಬದಲು ೨೯ ಕಿಲೋ ಬಿತ್ತಬೇಕು. ಅದಕ್ಕೂ ಬಹಳ ಕಡಿಮೆಯಾದರೆ ಬೇರೆ ಬೀಜ ಹುಡುಕಲು ಇನ್ನೂ ಸಮಯವಿರುತ್ತದೆ. ತೇವಮಾಪಕ ಮತ್ತು ಬೀಜದ ವಿಷಯವಾಗಿ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಇಲ್ಲವೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು.

ಒಬ್ಬರ ಕೊಟ್ಟಿಗೆ ಮುಗಿದ ಮೇಲೆ ಅದೇ ಗೆಳೆಯರು ಮುಂದಿನ ಬೇಸಿಗೆಯಲ್ಲಿ ಇನ್ನೊಬ್ಬರ ಕೊಟ್ಟಿಗೆಗೆ ಕೈಹಚ್ಚಬೇಕು. ಮುಯ್ಯಿಗೆ ಮುಯ್ಯಿ ತೀರಿಸುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಓಣಿಯ ರೈತರೆಲ್ಲರಿಗೂ ತಮ್ಮದೇ ಬೀಜದ ಕೋಣೆಗಳಾಗುತ್ತವೆ. ಜೂನ್ ತಿಂಗಳಲ್ಲಿ ಬೀಜಕ್ಕಾಗಿ ಸಾಲು ನಿಲ್ಲುವ ಪ್ರಸಂಗವೂ ಕಡಿಮೆಯಾಗುತ್ತದೆ.