ಓದಲು ಹೋದ ರನ್ನ, ಮರೆಯದ ಮುಧೋಳ

ಓದಲು ದೂರ ಹೋದವರು ಊರನ್ನು ಮರೆಯುತ್ತಾರಾ? ಮುಧೋಳದ ಈ ಹುಡುಗನ ಕಥೆ ಕೇಳಿ.

949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನ, ವಿದ್ಯೆಯ ಹಂಬಲದಿಂದ ನೂರಾರು ಕಿಲೋಮೀಟರ್ ದಾಟಿ ಗಂಗರ ನಾಡಿನ ಶ್ರವಣಬೆಳಗೊಳಕ್ಕೆ ಹೋದ. ಅಂದಿಗೆ ಅದೇ ಪರದೇಶ! ಅಲ್ಲಿ ಅಜಿತಸೇನಾಚಾರ್ಯರು ಗುರುವಾದರು, ಗಂಗರ ಮಂತ್ರಿ ಚಾವುಂಡರಾಯ ಆಸರೆಯಾದ.

ಮುಂದೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಆದರೂ 993ರ ತನ್ನ ಕಾವ್ಯ ‘ಅಜಿತಪುರಾಣ’ದಲ್ಲಿ ಊರು, ಬಳೆಗಾರ ಕುಲ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಎಲ್ಲವನ್ನೂ ನೆನೆದು ಬರೆದ.

ಇಂದು ಮುಧೋಳ, ಅದರ ಸುತ್ತಲಿನ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯಿಂದ ಜರ್ಮನಿಗೋ ಅಮೆರಿಕಕ್ಕೋ ಓದಲು ಹೊರಟವರೇ, ಕಬ್ಬಿನ ಹೊಲ, ಮಗ್ಗದ ಸದ್ದು, ಅವ್ವನ ರೊಟ್ಟಿ, ಇವುಗಳ ಬೆಲೆ ದೂರ ಹೋದಾಗಲೇ ತಿಳಿಯುವುದು. ಚೆನ್ನಾಗಿ ಕಲಿಯಿರಿ. ಎಲ್ಲೇ ಇದ್ದರೂ ನಿಮ್ಮೂರಿನ ಹೆಸರನ್ನು ರನ್ನನಂತೆ ಎದೆಯುಬ್ಬಿಸಿ ಹೇಳಿ.